ಬ್ಯಾಟರಿ ಹಿಂದಕ್ಕೆ ಹೋದ ಜೀಪು

ಮಗಳ ತಿಥಿ ಮುಗಿದು ನೆಂಟರೆಲ್ಲ ಊರಿಗೆ ಹೋದ ಮೇಲೆ ಒಂದು ಬೆಳಿಗ್ಗೆ ಜೀಪಿನ ಕೀ ತಿರುಗಿಸಿದೆ. ಟಿಕ್ ಎಂದಿತು, ಅಷ್ಟೆ. ಇನ್ನೊಮ್ಮೆ ತಿರುಗಿಸಿದೆ, ಇನ್ನೊಂದು ಟಿಕ್. ಡ್ಯಾಶ್‌ಬೋರ್ಡಿನ ಕೆಂಪು ದೀಪ ಹತ್ತುತ್ತಿತ್ತು, ಸ್ಟಾರ್ಟ್ ಮಾಡಲು ಹೋದೊಡನೆ ಆರಿಹೋಗುತ್ತಿತ್ತು. ಇಷ್ಟು ದಿನ ನಿಂತಲ್ಲೇ ನಿಂತಿದೆಯಲ್ಲ, ಬ್ಯಾಟರಿ ಇಳಿದಿದೆ ಎಂದುಕೊಂಡೆ. ಯಾರಾದರೂ ಹಾಗೇ ಅಂದುಕೊಳ್ಳುತ್ತಾರೆ.

ಆ ಜೀಪನ್ನು ಓಡುವ ಸ್ಥಿತಿಯಲ್ಲಿ ಬಿಟ್ಟಂಗಾಲದ ಒಂದು ಮನೆಗೆ ಕೊಡುತ್ತೇನೆಂದು ಮಾತು ಕೊಟ್ಟಿದ್ದೆ. ಅಲ್ಲಿಯ ಎಸ್ಟೇಟೊಂದರಲ್ಲಿ ರೈಟರ್ ಆಗಿರುವವರು, ಆಳುಗಳ ಹಾಜರಿ, ಕಾಫಿ ಪಿಕ್ಕಿಂಗ್ ನೋಡಿಕೊಳ್ಳುವವರು, ಮೈಸೂರಿನ ಆಸ್ಪತ್ರೆಯ ಬೆಂಚಿನ ಮೇಲೆ ನಮಗೆ ಪರಿಚಯವಾಗಿದ್ದರು. ನಮ್ಮ ಮಗಳಿಗಿದ್ದ ಕಾಯಿಲೆಯೇ ಅವರ ಮಗಳಿಗೂ ಇದೆ. ಸ್ನಾಯುಗಳು ಒಂದೊಂದಾಗಿ ಕೈಕೊಡುತ್ತಾ ಬರುವ ಕಾಯಿಲೆ. ಹುಡುಗಿಯನ್ನು ಬಸ್ಸಿಗೆ ಎತ್ತಿ ಇಳಿಸಿ ಅಪ್ಪನ ಬೆನ್ನು ಕೆಟ್ಟಿತ್ತು, ಹುಡುಗಿಯ ಶಾಲೆ ನಿಂತಿತ್ತು. ವೀಲ್‌ಚೇರು ಸೀದಾ ಹತ್ತುವ ನಮ್ಮ ಜೀಪು ಜೂನ್‌ಗೆ ಮೊದಲು ಸಿಕ್ಕರೆ ಅವಳು ಮತ್ತೆ ಶಾಲೆಗೆ ಹೋಗುತ್ತಾಳೆ, ಇಲ್ಲದಿದ್ದರೆ ಇಲ್ಲ. ಆ ಮನುಷ್ಯ ಕೇಳಿರಲಿಲ್ಲ. ತಿಥಿಯ ಊಟಕ್ಕೆ ಬಂದಿದ್ದಾಗ ಅವರಿಗೆ ನಾನೇ ಬಾಯಿಬಿಟ್ಟು ಹೇಳಿದ್ದೆ. ನನ್ನ ಹೆಂಡತಿ ಅಡಿಗೆಮನೆಯ ಬಾಗಿಲಲ್ಲಿ ನಿಂತು ಅದನ್ನು ಕೇಳಿಸಿಕೊಂಡಳು, ಏನೂ ಅನ್ನಲಿಲ್ಲ. ಅವಳು ಏನೂ ಅನ್ನದಿದ್ದರೆ ಅದು ಒಪ್ಪಿಗೆಯಲ್ಲ ಎಂಬುದು ಇಷ್ಟು ವರ್ಷ ಸಂಸಾರ ಮಾಡಿದವನಿಗೆ ಗೊತ್ತಿತ್ತು. ಆವತ್ತು ಗೊತ್ತಿಲ್ಲದವನ ಹಾಗೆ ಸುಮ್ಮನಿದ್ದೆ.

ನಾವು ಮೂಲದಲ್ಲಿ ಹಾಸನದ ಕಡೆಯವರು. ತಾತನ ಕಾಲಕ್ಕೆ ಕುಶಾಲನಗರದ ಹತ್ತಿರ ಬಂದು ನೆಲೆ ನಿಂತು ಜೋಳ, ಶುಂಠಿ ಎಂದು ಏನೇನೋ ಬೆಳೆದುಕೊಂಡಿದ್ದೇವೆ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳುವವನು. ಮಗಳು ಓದುತ್ತಿದ್ದುದೂ ಅದೇ ಶಾಲೆಯಲ್ಲಿ. ನಡಿಗೆ ನಿಂತ ವರ್ಷ ಅವಳನ್ನು ಕರೆದೊಯ್ಯಲೆಂದೇ ಶ್ರೀಮಂಗಲದ ಕಡೆಯ ಒಂದು ಎಸ್ಟೇಟಿನವರು ಮಾರುತ್ತಿದ್ದ ಹಳೆಯ ಜೀಪನ್ನು ಕೊಂಡು ತಂದೆ. ಅದಕ್ಕೆ ಯಾರೋ ಯಾವುದೋ ದೊಡ್ಡ ಗಾಡಿಯ ಎಂಜಿನ್ ತಂದು ಕೂರಿಸಿದ್ದರು. ಬಾನೆಟ್ಟಿನ ಒಳಗೆ ಬ್ಯಾಟರಿಗೆ ಜಾಗವಿಲ್ಲದೆ, ಅದು ಒಂದು ಪೆಟ್ಟಿಗೆಯಲ್ಲಿ ಮುಂದಿನ ಸೀಟುಗಳ ಬೆನ್ನಿಗೆ ನೆಲದ ಮೇಲೆ ಕೂತಿತ್ತು.

ಮಗಳಿಗೆ ಬೇಕಾಗಿದ್ದುದು ಸರಿಯಾಗಿ ಅದೇ ಜಾಗ. "ಹಿಂದೆ ಮೂಟೆ ಥರ ಕೂರಲ್ಲ ನಾನು. ನನಗೆ ರೋಡ್ ಕಾಣ್ಬೇಕು," ಎಂದಳು. ಸರಿ, ಮಹಾರಾಣಿಯ ಅಪ್ಪಣೆ ಎಂದು ಬ್ಯಾಟರಿಯನ್ನು ಹಿಂದಿನ ಮೂಲೆಗೆ ಸಾಗಿಸಿದೆ. ಉದ್ದುದ್ದ ಸೀಟುಗಳನ್ನು ಕಿತ್ತು, ಗಾಲಿ ಸರಾಗವಾಗಿ ಉರುಳಲೆಂದು ನೆಲದ ಅಡ್ಡಪಟ್ಟಿಗಳ ಮೇಲೆ ಒಂದು ದಪ್ಪ ತಗಡು ಹಾಸಿ ಬೋಲ್ಟ್ ಬಿಗಿದೆವು. ಬ್ಯಾಟರಿಯ ಒಂದು ತಂತಿ ಮುಂದಕ್ಕೆ ಹೋಯಿತು, ಎಂಜಿನ್ ಎಬ್ಬಿಸುವ ಮೋಟಾರಿಗೆ. ಇನ್ನೊಂದು ತಂತಿಯನ್ನು, ಗ್ಯಾರೇಜಿನವರು ಅರ್ತ್ ಎನ್ನುವುದನ್ನು, ನಾನು ಅಲ್ಲೇ ತಗಡಿಗೆ ಬಿಗಿದೆ. ಬ್ಯಾಟರಿಯಿಂದ ಹೊರಟ ಕರೆಂಟು ಗಾಡಿಯ ಕಬ್ಬಿಣದ ಮೈಯಲ್ಲಿ ಹಾದು ಆ ತಂತಿಯಿಂದ ವಾಪಸು ಬರಬೇಕು. ದಾರಿಯಲ್ಲಿ ಎಲ್ಲಾದರೂ ಕಬ್ಬಿಣಕ್ಕೆ ಕಬ್ಬಿಣ ತಾಗದಿದ್ದರೆ ಗಾಡಿ ಏಳುವುದಿಲ್ಲ. ಇಷ್ಟು ಪಾಠ ಸಾಕು.

ದಿನಾ ಸಂಜೆ ಅವಳನ್ನು ಕರೆತಂದಾಗಲೇ ಜೀಪಿನ ಬೆನ್ನನ್ನು ಜಗಲಿಗೆ ಒತ್ತಿ ನಿಲ್ಲಿಸಿರುತ್ತಿದ್ದೆ. ಬೆಳಿಗ್ಗೆ ಹಲಗೆ ಹಾಕಿ ಕುರ್ಚಿಯನ್ನು ಉರುಳಿಸಿ ಒಳಗೆ ತಂದು, ಗಾಲಿಗೆ ಮರದ ತುಂಡು ಕೊಟ್ಟು, ಆಮೇಲೆ ಕೀ. ಹೋಗುವಾಗಲೂ ಅವಳು, ಬರುವಾಗಲೂ ಅವಳು. ನನ್ನ ಬೇರೆ ಓಡಾಟಕ್ಕೆ ಸ್ಕೂಟರ್ ಇತ್ತು. ನನ್ನ ಭುಜದ ಹಿಂದಿನಿಂದ ದಾರಿಯುದ್ದಕ್ಕೂ ಉಪದೇಶ ಬರುತ್ತಿತ್ತು. "ಅಪ್ಪಾ, ಹಂಪಿಗೆ ಸ್ವಲ್ಪ ಮರ್ಯಾದೆ ಕೊಡಿ." "ಅಪ್ಪಾ, ಕ್ಲಚ್ಚಿನ ಮೇಲೆ ಸಿಟ್ಟು ತೀರಿಸ್ಕೋಬೇಡಿ, ಹೆಡ್‌ಮಾಸ್ಟ್ರ ಮೇಲೆ ತೀರಿಸ್ಕೊಳ್ಳಿ." ಶಾಲೆಯಲ್ಲಿ ನನ್ನ ಕಂಡರೆ ಮಕ್ಕಳು ನಡುಗುತ್ತಿದ್ದರು. ಇವಳೊಬ್ಬಳು ನನ್ನನ್ನು ಗೋಳುಹೊಯ್ದುಕೊಳ್ಳುತ್ತಿದ್ದಳು, ನನಗೆ ಅದು ಬೇಕಾಗಿತ್ತು.

ಸಂಕ್ರಾಂತಿಯ ಹಿಂದುಮುಂದು ಎದೆಗೆ ಕಫ ಕಟ್ಟಿತು. ಕೆಮ್ಮುವುದಕ್ಕೂ ಸ್ನಾಯು ಬೇಕು. ಆಂಬುಲೆನ್ಸಿನಲ್ಲಿ ಮೈಸೂರಿಗೆ ಕರೆದೊಯ್ದೆವು, ಆಂಬುಲೆನ್ಸಿನಲ್ಲೇ ವಾಪಸು ತಂದೆವು. ಜೀಪು ಅಂಗಳದಲ್ಲಿ ಜಗಲಿಗೆ ಬೆನ್ನು ಕೊಟ್ಟು ನಿಂತೇ ಇತ್ತು. ಇದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಆಗುವುದಿಲ್ಲ.

ಬ್ಯಾಟರಿ ಚಾರ್ಜ್ ಮಾಡಿಸಿ ತಂದೆ. ಟಿಕ್. ಪಕ್ಕದ ಹೊಲದವರ ಟ್ರ್ಯಾಕ್ಟರಿನ ಬ್ಯಾಟರಿಯನ್ನು ಹೊತ್ತು ತಂದು ಹಾಕಿದೆ. ಟಿಕ್. ತಳ್ಳಿದರೆ ಸ್ಟಾರ್ಟ್ ಆಗುತ್ತಿತ್ತು, ನಿಜ. ಬೆನ್ನು ಕೆಟ್ಟ ಮನುಷ್ಯನಿಗೆ ತಳ್ಳುವ ಜೀಪು ಕೊಟ್ಟು ಉಪಕಾರ ಮಾಡಿದೆ ಎನ್ನಲಾಗುತ್ತದೆಯೇ? ಪೇಟೆಯಿಂದ ಎಲೆಕ್ಟ್ರಿಷಿಯನ್ ಒಬ್ಬನನ್ನು ಕರೆಸಿದೆ. ಮಲಯಾಳಿ, ಮಾತಿನಲ್ಲಿ ಭಾರಿ ಧೈರ್ಯವಂತ. "ಸಾರೇ, ಇದು ಬ್ಯಾಟರಿ ಅಲ್ಲ. ಸೆಲ್ಫ್ ಕಂಪ್ಲೇಂಟ್. ಬಿಚ್ಚಿದ್ರೆ ಶೆರಿ ಆಗ್ತದೆ," ಎಂದು ಸ್ಟಾರ್ಟರ್ ಮೋಟಾರನ್ನು ಬಿಚ್ಚಿ ಅಂಗಳದಲ್ಲಿ ಹರಡಿದ. ನೆಲದ ಮೇಲಿಟ್ಟು ವೈರು ಮುಟ್ಟಿಸಿದಾಗ ಅದು ಗಿರ್ರೆಂದು ಚೆನ್ನಾಗಿಯೇ ತಿರುಗಿತು. ಜೀಪಿಗೆ ಹಾಕಿದ ಮೇಲೆ ಮತ್ತೆ ಟಿಕ್. ಅವನ ಧೈರ್ಯ ಇಳಿದುಹೋಗಿ, ಟೀ ಕುಡಿದು, ನಾಳೆ ಬರ್ತೇನೆ ಎಂದು ಹೋದವನು ಫೋನ್ ತೆಗೆಯಲಿಲ್ಲ.

ಆಮೇಲೆ ಮಡಿಕೇರಿಯಿಂದ ಒಬ್ಬರು ಬಂದರು. ಕನ್ನಡಕ, ಟೆಸ್ಟ್ ಲ್ಯಾಂಪು, ಗತ್ತು ಎಲ್ಲ ಇದ್ದವರು. "ಯಾರು ಸಾರ್ ಈ ಬ್ಯಾಟರಿನ ಇಷ್ಟು ಹಿಂದೆ ತಂದು ಕೂರ್ಸಿದ್ದು?" ಎಂದು ಕೇಳಿದರು. "ಯಾರೋ," ಎಂದೆ. ಅಷ್ಟು ದೂರಕ್ಕೆ ವೈರು ಸಣ್ಣದಾಯಿತು ಎಂದು ಹೆಬ್ಬೆರಳು ಗಾತ್ರದ ವೈರು ಹಾಕಿಸಿದರು. ತಗಡಿನ ಮೇಲೆ ಮಂಡಿಯೂರಿ ಕೂತು ಲ್ಯಾಂಪು ಹಿಡಿದು ನೋಡಿ, "ಅರ್ತ್ ಫಸ್ಟ್ ಕ್ಲಾಸ್ ಇದೆ," ಎಂದು ಸರ್ಟಿಫಿಕೇಟ್ ಕೊಟ್ಟು ಇಳಿದರು. ಇಳಿದ ಮೇಲೆ ಕೀ ತಿರುಗಿಸಿದರೆ ಟಿಕ್. ನಡುವೆ ನನ್ನ ಹೆಂಡತಿಯ ಅಣ್ಣ ಬಂದು ದೃಷ್ಟಿಯಾಗಿದೆ ಎಂದು ನಾಲ್ಕೂ ಚಕ್ರಕ್ಕೆ ನಿಂಬೆಹಣ್ಣು ಇಟ್ಟ. ನಿಂಬೆಹಣ್ಣಿನ ಮೇಲೆ ಹತ್ತಿಸಲು ಮೊದಲು ಗಾಡಿ ಸ್ಟಾರ್ಟ್ ಆಗಬೇಕಲ್ಲ ಮಾರಾಯ ಎಂದರೆ ಕೇಳಲಿಲ್ಲ. ಎಲ್ಲರೂ ಸೇರಿ ತಳ್ಳಿ ಹತ್ತಿಸಿದೆವು.

ಹೆಂಡತಿ ಇದ್ಯಾವುದಕ್ಕೂ ಹೊರಗೆ ಬರಲಿಲ್ಲ. ಮಗಳ ಕೋಣೆಯಲ್ಲಿ ಮಂಚದ ಕಾಲಿಗೆ ಒರಗಿ ಕೂತಿರುತ್ತಿದ್ದಳು. ಅಡಿಗೆ ಅತ್ತಿಗೆಯ ಮನೆಯಿಂದ ಬರುತ್ತಿತ್ತು, ಬಂದ ಪಾತ್ರೆ ಹಾಗೇ ವಾಪಸು ಹೋಗುತ್ತಿತ್ತು. ಸಮಾಧಾನ ಹೇಳಲು ಬಂದವರು 'ಒಂದು ಲೆಕ್ಕಕ್ಕೆ ಅವಳೂ ನೋವಿನಿಂದ ಪಾರಾದಳು, ನೀವೂ ಪಾರಾದಿರಿ' ಎನ್ನುತ್ತಿದ್ದರು. ಅಂಥವರನ್ನು ನಾನು ಗೇಟಿನ ತನಕ ಕಳಿಸಿ ಬರುವುದನ್ನೂ ಬಿಟ್ಟೆ. ಪಾರಾಗಲು ನಾವು ಯಾರೂ ಅರ್ಜಿ ಹಾಕಿರಲಿಲ್ಲ.

ಒಂದು ಮಧ್ಯಾಹ್ನ ನಾನು ಡ್ರೈವರ್ ಸೀಟಿನಲ್ಲಿ ಕೂತು ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ಒರೆಸಿ ಹಾಕುತ್ತಿದ್ದೆ. ಹಿಂದೆ ಸದ್ದಾಯಿತು. ಹೆಂಡತಿ ಹಲಗೆಯ ಮೇಲಿಂದ ಜೀಪಿನೊಳಗೆ ಬಂದಳು. "ಕೊಡೋದೇ ಆದ್ರೆ ಕಿಟಕಿ ಪರದೆ ಬಿಚ್ಕೋತೀನಿ. ನಾನು ಹೊಲಿದಿದ್ದು," ಎಂದಳು. ಬಿಚ್ಚಲಿಲ್ಲ. ಕುರ್ಚಿ ನಿಲ್ಲುತ್ತಿದ್ದ ಜಾಗದಲ್ಲೇ ತಗಡಿನ ಮೇಲೆ ಕುಸಿದು ಕೂತಳು. ನನಗೆ ಹಿಂದೆ ತಿರುಗಿ ನೋಡುವ ಧೈರ್ಯವಾಗಲಿಲ್ಲ. ಕೈಗೆ ಏನಾದರೂ ಕೆಲಸ ಬೇಕಿತ್ತು, ಕೀ ತಿರುಗಿಸಿದೆ. ಜೀಪು ಸ್ಟಾರ್ಟ್ ಆಯಿತು.

ಗೆದ್ದೆ ಎಂದುಕೊಂಡೆ. ಫ್ಯೂಸಿನ ಕೊಳೆ ಇರಬೇಕು ಎಂದುಕೊಂಡು ಆರಿಸಿ, ಅವಳನ್ನು ಕೈಹಿಡಿದು ಇಳಿಸಿ, ಮತ್ತೆ ಕೀ ತಿರುಗಿಸಿದರೆ ಟಿಕ್. ಅವಳು ಜಗಲಿಯ ಮೇಲೆ ನಿಂತು ನೋಡಿದಳು. ನಾನು ಹೇಳದೆಯೇ ಹಲಗೆ ಹತ್ತಿ ಬಂದು ಅದೇ ಜಾಗದಲ್ಲಿ ಕೂತಳು. "ಈಗ ಮಾಡಿ," ಎಂದಳು. ಆಯಿತು. ಇಳಿದಳು, ಆಗಲಿಲ್ಲ. ಹತ್ತಿದಳು, ಆಯಿತು.

"ಅವಳು ಕೂರೋ ಜಾಗ," ಎಂದಳು. ಅವಳ ಮುಖ ಹಾಗೆ ಅರಳಿದ್ದನ್ನು ಜನವರಿಯಿಂದ ಈಚೆಗೆ ನಾನು ಕಂಡಿರಲಿಲ್ಲ. "ಕೊಡೋಕೆ ಅವಳಿಗೆ ಇಷ್ಟ ಇಲ್ಲ ಕಣ್ರೀ. ನಮ್ಮನ್ನ ಬಿಟ್ಟು ಹೋಗಿಲ್ಲ."

ನನಗೆ ಆ ಗಳಿಗೆಯಲ್ಲೇ ಅರ್ಥವಾಗಿತ್ತು. ಭಾರ ಬಿದ್ದಾಗ ತಗಡು ಬಗ್ಗಿ ಕೆಳಗಿನ ಪಟ್ಟಿಗೆ ತಾಗುತ್ತದೆ, ಕರೆಂಟಿಗೆ ದಾರಿ ಸಿಗುತ್ತದೆ. ಭಾರ ಎದ್ದರೆ ದಾರಿ ಇಲ್ಲ. ಮಗಳು ಕೂತಿರುವಷ್ಟು ಕಾಲ ಈ ಐಬು ಯಾರಿಗೂ ಗೊತ್ತಾಗುವ ಸಂಭವವೇ ಇರಲಿಲ್ಲ. "ತಗಡು ಒತ್ತಿ ಅರ್ತ್ ತಾಗುತ್ತೆ, ಅಷ್ಟೇ ಕಣೇ," ಎಂದೆ. "ಅಷ್ಟೇ ಅಂತ ನೀವು ಅಂದ್ಕೊಳ್ಳಿ," ಎಂದಳು.

ಮಾರನೇ ದಿನ ಸಂಜೆ ಅವಳು ಮುಖ ತೊಳೆದು, ಸೀರೆ ಬದಲಿಸಿ ಬಂದು ಜೀಪು ಹತ್ತಿ ಕೂತಳು. "ಒಂದು ಸುತ್ತು ಹೋಗ್ಬರೋಣ." ಹೊಳೆಯ ತನಕ ಹೋಗಿಬಂದೆವು. ಅದರ ಮಾರನೇ ದಿನವೂ. ಮುಂದಿನ ಸೀಟು ಖಾಲಿ ಬಿಟ್ಟು ಅವಳು ಹಿಂದೆ ನೆಲದ ಮೇಲೆ ಕಾಲು ಮಡಚಿ ಕೂರುತ್ತಿದ್ದಳು, ನಾನು ಯಾರದೋ ಡ್ರೈವರಿನಂತೆ ಮುಂದೆ. ಒಂದು ದಿನ ಶಾಲೆಯ ಗೇಟಿನ ಮುಂದೆ ನಿಲ್ಲಿಸಲು ಹೇಳಿದಳು, ಎಂಜಿನ್ ಆರಿಸಿ ಮತ್ತೆ ಸ್ಟಾರ್ಟ್ ಮಾಡಿಸಿದಳು. ಆಯಿತು. ಅವಳಿಗೆ ಅಷ್ಟು ಸಾಕಿತ್ತು. ಮನೆಗೆ ಬಂದು ಅನ್ನಕ್ಕಿಟ್ಟಳು, ತಾನೂ ಎರಡು ತುತ್ತು ಉಂಡಳು. ಕಾಫಿ ಹೂ ಬಿಟ್ಟು ತೋಟಗಳು ಘಮ್ಮೆನ್ನುವ ದಿನಗಳು ಬಂದು ಹೋದವು. ಸ್ಪ್ಯಾನರ್ ಹಿಡಿದು ಆ ಬೋಲ್ಟ್ ಬಿಚ್ಚಿ ನೋಡಲು ಅರ್ಧ ಗಂಟೆಯ ಕೆಲಸ. ನಾನು ಸ್ಪ್ಯಾನರನ್ನು ಅಟ್ಟದ ಮೇಲಿಟ್ಟೆ. ಪೈಥಾಗೊರಸ್ ಸಾಧಿಸಿ ತೋರಿಸುವವನು, ಕೀ ತಿರುಗಿಸುವಾಗ ಹಿಂದಿನಿಂದ ಉಪದೇಶ ಬರುತ್ತದೇನೋ ಎಂದು ಕಿವಿಗೊಟ್ಟು ಕೂರುತ್ತಿದ್ದೆ.

ಮೇ ಬಂತು. ಬಿಟ್ಟಂಗಾಲದಿಂದ ಫೋನ್ ಬಂತು. "ಮಾಷ್ಟ್ರೇ, ಅರ್ಜೆಂಟ್ ಏನಿಲ್ಲ. ಸ್ಕೂಲಲ್ಲಿ ಅಡ್ಮಿಷನ್ ಹಿಡೀಲಾ ಬೇಡ್ವಾ ಅಂತ ಕೇಳ್ತಿದ್ದಾರೆ. ಅದ್ಕೆ," ಎಂದರು. ಬನ್ನಿ ಎನ್ನದೆ ಬೇರೆ ದಾರಿಯಿರಲಿಲ್ಲ. ಹೆಂಡತಿಗೆ ಹೇಳಿದೆ. "ಬರ್ಲಿ. ಸ್ಟಾರ್ಟ್ ಆಗಲ್ಲ, ತೋರ್ಸಿ ಕಳ್ಸಿ," ಎಂದಳು.

ಭಾನುವಾರ ಅಪ್ಪ ಮಗಳು ಬಾಡಿಗೆ ಕಾರಿನಲ್ಲಿ ಬಂದರು. ಹುಡುಗಿ ನಮ್ಮವಳಿಗಿಂತ ಚಿಕ್ಕವಳು, ಎರಡು ಜಡೆ, ಕೈಗಳು ಕಡ್ಡಿ. ನಮ್ಮವಳದು ಕಬ್ಬಿಣದ ದೊಡ್ಡ ಕುರ್ಚಿ, ಈಕೆಯದು ಮಡಚಿ ಡಿಕ್ಕಿಗೆ ಹಾಕುವ ಹಗುರದ್ದು. ಹಲಗೆಯ ಮೇಲೆ ಉರುಳಿಸಿ ಒಳಗೆ ನಿಲ್ಲಿಸಿ, ಗಾಲಿಗೆ ತುಂಡು ಕೊಟ್ಟು ಇಳಿದೆವು. ಹುಡುಗಿ ಕತ್ತು ನೀಳ ಮಾಡಿ ಮುಂದಿನ ಗಾಜಿನ ಆಚೆ ನೋಡಿದಳು. "ಪಪ್ಪಾ, ರೋಡೆಲ್ಲ ಕಾಣ್ತದೆ," ಎಂದಳು. ನನ್ನ ಹೆಂಡತಿ ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದಳು.

ಕೀ ತಿರುಗಿಸಿದೆ. ಟಿಕ್. ಮತ್ತೆ ತಿರುಗಿಸಿದೆ. ಟಿಕ್. ಆ ಮಗುವಿನ ಭಾರ ತಗಡನ್ನು ಬಗ್ಗಿಸಲು ಸಾಲದು.

ಹುಡುಗಿ ತನ್ನ ಗಾಲಿಗಳನ್ನು ನೋಡಿಕೊಂಡಳು, ಆಮೇಲೆ ಅಪ್ಪನನ್ನು ನೋಡಿದಳು. "ನಾನು ಕೂತದ್ದಕ್ಕೆ ಆಗ್ತಾ ಇಲ್ವಾ? ಇಳಿಸಿ ಬಿಡಿ ಪಪ್ಪಾ, ಪರವಾಗಿಲ್ಲ," ಎಂದಳು. ಬಸ್ಸಿನಲ್ಲಿ, ಆಟೋದಲ್ಲಿ, ಮದುವೆ ಮನೆಗಳಲ್ಲಿ ಹೇಳಿ ಹೇಳಿ ಅಭ್ಯಾಸವಾದ ದನಿ ಅದು. ಆ ದನಿ ನಮ್ಮ ಮನೆಗೆ ಗೊತ್ತು. ನಮ್ಮ ವಾಚಾಳಿಯೂ ಹೊರಗಿನವರ ಎದುರು ಹಾಗೇ ಮಾತಾಡುತ್ತಿದ್ದಳು.

ಹೆಂಡತಿ ಹಲಗೆ ಹತ್ತಿ ಬಂದಳು. ಪಕ್ಕದಲ್ಲಿ ಕೂತು ಜೀಪನ್ನು ಎಬ್ಬಿಸುತ್ತಾಳೆ ಎಂದುಕೊಂಡೆ. ಅವಳು ಕೂರಲಿಲ್ಲ. ಬಗ್ಗಿ ಗಾಲಿಯ ತುಂಡುಗಳನ್ನು ತೆಗೆದಳು. "ನೀನು ಕೂತಿದ್ದಕ್ಕಲ್ಲ ಕಂದ. ಗಾಡಿಯಲ್ಲೇ ಐಬಿದೆ," ಎಂದಳು. ನನ್ನ ಕಡೆ ತಿರುಗದೆ, "ಅಟ್ಟದ ಮೇಲಿಟ್ಟಿದ್ದೀರಲ್ಲ, ಅದನ್ನ ತನ್ನಿ," ಎಂದಳು.

ಹುಡುಗಿಯನ್ನು ಜಗಲಿಗೆ ಇಳಿಸಿ, ನಾನೂ ರೈಟರೂ ಸೇರಿ ಬೋಲ್ಟುಗಳನ್ನು ಬಿಚ್ಚಿದೆವು. ಕುಲುಕಾಟಕ್ಕೆ ಎಲ್ಲವೂ ಆಗಲೇ ಸಡಿಲಾಗಿದ್ದವು. ತಗಡನ್ನು ಎತ್ತಿ ಮಗುಚಿ ಹಾಕಿದೆವು. ಅಡಿಯೆಲ್ಲ ನೇರಳೆ ಬಣ್ಣ.

ನಮ್ಮ ಕಡೆ ಜೀಪಿರುವವರೆಲ್ಲ ಮಳೆಗೆ ಮುಂಚೆ ಗಾಡಿಯ ಅಡಿಗೆ ಬಣ್ಣವನ್ನೋ ಸುಟ್ಟ ಆಯಿಲನ್ನೋ ಬಳಿಯುತ್ತಾರೆ. ಬಿಟ್ಟರೆ ಒಂದೇ ಮಳೆಗಾಲಕ್ಕೆ ನೆಲ ತುಕ್ಕು ತಿಂದು ತೂತು. ತಗಡು ಹಾಸುವ ಮೊದಲು ಆ ಕೆಲಸವನ್ನು ಮಗಳು ತಾನೇ ಮಾಡುತ್ತೇನೆಂದು ಹಟ ಹಿಡಿದಿದ್ದಳು. ಅವಳ ಕೋಣೆಯ ಗೋಡೆಗೆ ಬಳಿದು ಮಿಕ್ಕ ಬಣ್ಣ. ಕೈ ಮೇಲೇಳುತ್ತಿರಲಿಲ್ಲವೆಂದು ಬ್ರಷ್ಷಿಗೆ ಕೋಲು ಕಟ್ಟಿಕೊಟ್ಟಿದ್ದೆ. ತಗಡಿನ ಎರಡು ಮೈ, ಬೋಲ್ಟಿನ ತೂತುಗಳ ಒಳಗೆ, ವಾಷರು, ನಟ್ಟು, ಒಂದನ್ನೂ ಬಿಡಲಿಲ್ಲ. ತನಗೆ ಎಟುಕದ ಅಡ್ಡಪಟ್ಟಿಗಳಿಗೆ ಅಮ್ಮನನ್ನು ಜೀಪಿನೊಳಗೆ ಮಂಡಿಯೂರಿಸಿ ಬಳಿಸಿದಳು. "ಅಮ್ಮಾ, ಒಂದು ಚೂರೂ ಕಬ್ಬಿಣ ಕಾಣ್ಬಾರ್ದು," ಎಂದು ಮೇಸ್ತ್ರಿಯಂತೆ ಕೂತಿದ್ದಳು. ಒಂದು ಚೂರೂ ಕಾಣುತ್ತಿರಲಿಲ್ಲ. ಅರ್ತ್ ತಂತಿ ಕೂರುವ ಜಾಗವನ್ನಷ್ಟೇ ನಾನು ಮೇಲಿನಿಂದ ಉಜ್ಜಿದ್ದೆ. ತಗಡಿನಿಂದ ಗಾಡಿಗೆ ದಾರಿ ಇದ್ದುದು ಬಣ್ಣ ಕೊರೆದು ಕಚ್ಚಿದ ಬೋಲ್ಟುಗಳ ಬಿಗಿಯಲ್ಲಿ. ಅವು ಸಡಿಲವಾದ ಮೇಲೆ ಬಣ್ಣ ಸವೆದ ಒಂದೇ ಒಂದು ಮೂಲೆ ಉಳಿದಿತ್ತು, ಅದೂ ಭಾರ ಬಿದ್ದಾಗ ಮಾತ್ರ.

ಮಳೆ ನೀರು ಕಾಣದ ಆ ಬಣ್ಣ ನಿನ್ನೆ ಬಳಿದಂತಿತ್ತು. ಬ್ರಷ್ ಎಳೆದ ಗೀರುಗಳು ಒಂದೇ ದಿಕ್ಕಿನಲ್ಲಿ, ಸಣ್ಣ ಸಣ್ಣದಾಗಿ. ಅವಳ ಮಣಿಕಟ್ಟು ಅಷ್ಟೇ ಆಡುತ್ತಿತ್ತು. ಒಂದು ಕಡೆ ಬ್ರಷ್ ಜಾರಿ, ಅಂಗೈಯ ಬದಿ ಊರಿ ಒರೆಸಿದ ಗುರುತು. ನಾನು ಉಪ್ಪುಕಾಗದ ಹಿಡಿದು ಕೂತೆ, ಕೂತೇ ಇದ್ದೆ. ಉಜ್ಜಬೇಕಾದ ಜಾಗ ನನ್ನ ಬೆರಳಿನ ಕೆಳಗೇ ಇತ್ತು, ಕೈ ಏಳಲಿಲ್ಲ. ನನಗೆ ಅಳು ಬಂತು. ರೈಟರು ಎದ್ದು ಹೋಗಿ ಗೇಟಿನ ಬಳಿ ನಿಂತರು.

"ಕೊಡಿ ಇಲ್ಲಿ," ಎಂದು ಹೆಂಡತಿ ಅದನ್ನು ಕಿತ್ತುಕೊಂಡಳು. ತಗಡಿನ ಅಂಚನ್ನು ಮಡಿಲಿಗೆ ಎಳೆದುಕೊಂಡು ಬೋಲ್ಟಿನ ತೂತಿನ ಸುತ್ತ ಉಜ್ಜತೊಡಗಿದಳು. ನೇರಳೆ ಪುಡಿ ಸೀರೆಯ ಮೇಲೆ ಬಿತ್ತು. ಜಗಲಿಯಿಂದ ಹುಡುಗಿ ಕೇಳಿದಳು, "ಆಂಟಿ, ಎಷ್ಟು ಚೆಂದ ಬಣ್ಣ ಅದು. ಯಾಕೆ ತೆಗೀತೀರಿ?"

"ಎಲ್ಲಾ ತೆಗಿಯಲ್ಲ," ಎಂದಳು ಹೆಂಡತಿ. "ಬೋಲ್ಟ್ ಕೂರೋ ಕಡೆ ಮಾತ್ರ. ಗಾಡಿ ಹೋಗ್ಬೇಕಲ್ಲ, ನೀನು ಸ್ಕೂಲಿಗೆ ಹೋಗ್ಬೇಕಲ್ಲ." ಒಂದೊಂದೇ ತೂತು, ಆಮೇಲೆ ಅಡ್ಡಪಟ್ಟಿಗಳು, ತಾನೇ ಬಳಿದ ಪಟ್ಟಿಗಳು. ಬಿಳಿ ಕಬ್ಬಿಣ ಕಾಣುವ ತನಕ ಉಜ್ಜಿದಳು. ನಡುನಡುವೆ ನಿಲ್ಲಿಸಿ ಆ ಒರೆಸಿದ ಗುರುತಿನ ಮೇಲೆ ಕೈಯಿಟ್ಟು, ಮತ್ತೆ ಉಜ್ಜುತ್ತಿದ್ದಳು. ಅತ್ತಳೋ ಇಲ್ಲವೋ ನಾನು ನೋಡಲಿಲ್ಲ.

ತಗಡನ್ನು ಮತ್ತೆ ಹಾಸಿದೆವು. ರೈಟರು ಬೆನ್ನಿನ ನೋವು ಲೆಕ್ಕಿಸದೆ ಬೋಲ್ಟುಗಳನ್ನು ಬಿಗಿ ಮಾಡಿದರು. ಅರ್ತ್ ತಂತಿಯನ್ನು ಕಚ್ಚಿಸಿದೆ. ಇನ್ನು ಪರೀಕ್ಷೆ ಮಾಡುವುದು, ಒಳಗೆ ಯಾರ ಭಾರವೂ ಇಲ್ಲದೆ. ಹೆಂಡತಿ ಹಲಗೆಯಿಂದ ಇಳಿದು ಜಗಲಿಯ ಅಂಚಿನಲ್ಲಿ ನಿಂತಳು. ನಾನು ಮುಂದೆ ಕೂತೆ. ಎಷ್ಟು ಮೆಕ್ಯಾನಿಕ್ಕುಗಳ ಕಾಲು ಹಿಡಿದಿದ್ದೆ, ಎಷ್ಟು ದಿನ ಒದ್ದಾಡಿದ್ದೆ. ಈಗ ಕೀ ಹಿಡಿದುಕೊಂಡು, ಆಗದೇ ಇರಲಿ ಎಂದು ಬೇಡಿಕೊಂಡೆ.

ತಿರುಗಿಸಿದ್ದೇ ತಡ, ಎಂಜಿನ್ ಎದ್ದಿತು. ಒಂದು ಕೆಮ್ಮಿಲ್ಲ, ತಡವರಿಕೆಯಿಲ್ಲ. ಹುಡುಗಿ ನಕ್ಕದ್ದು ಕೇಳಿಸಿತು. ಆರಿಸಿದೆ, ಮತ್ತೆ ತಿರುಗಿಸಿದೆ, ಮತ್ತೆ ಎದ್ದಿತು.

ಆಗ ಹಿಂದೆ ತಿರುಗಿ ನೋಡಿದೆ. ಹೆಂಡತಿ ಹಿಂಬಾಗಿಲಿನಲ್ಲಿ ತಲೆಯಿಟ್ಟು ತಗಡನ್ನು ನೋಡುತ್ತಿದ್ದಳು, ಕುರ್ಚಿ ನಿಲ್ಲುತ್ತಿದ್ದ ಜಾಗವನ್ನು. ಎಂಜಿನ್ ಓಡುತ್ತಲೇ ಇತ್ತು.

"ಒಳಗೆ ಯಾರೂ ಇಲ್ಲ," ಎಂದಳು.

ಅವಳು ನನ್ನನ್ನು ಕೇಳಿದ್ದಲ್ಲ. ಆದರೂ ಹೇಳಬೇಕಾಗಿದ್ದವನು ನಾನೇ. "ಇಲ್ಲ ಕಣೇ," ಎಂದೆ. ಅವಳು ತಲೆಯಾಡಿಸಿ, ಜಗಲಿಗೆ ಹೋಗಿ, ಆ ಹುಡುಗಿಯ ಕುರ್ಚಿಯನ್ನು ಹಲಗೆಯ ಕಡೆಗೆ ತಳ್ಳಿಕೊಂಡು ಬಂದಳು.